ರಜೆ ಪಟ್ಟಿಯಲ್ಲಿ ಕಾಣುವ ದೇಶ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಸರ್ಕಾರಿ ಕಚೇರಿಯ ಸಿಬ್ಬಂದಿ ಶಾಖೆಯಲ್ಲಿ ವಿಷಯ ನಿರ್ವಾಹಕನಾಗಿ ಬಹಳ ವರ್ಷ ಕೂತವನು ನಾನು. ಮುಂದಿನ ವರ್ಷದ ರಜೆ ಪಟ್ಟಿ ಬಂತು ಅಂದರೆ ಜೆರಾಕ್ಸ್ ಮಾಡಿಸಿ ನೋಟಿಸ್ ಬೋರ್ಡಿಗೆ ಪಿನ್ ಚುಚ್ಚುವುದು ನನ್ನ ಕೆಲಸ. ಚುಚ್ಚಿ ತಿರುಗುವಷ್ಟರಲ್ಲಿ ಬೆನ್ನ ಹಿಂದೆ ಆರೇಳು ಜನ ನಿಂತಿರುತ್ತಿದ್ದರು. ಅವರು ಕೇಳಿದ ಪ್ರಶ್ನೆಗಳೇ ಇಲ್ಲಿವೆ. ನೆಂಟರು, ಪಕ್ಕದ ಮನೆಯವರು, ಹೊರದೇಶದಲ್ಲಿರುವ ತಂಗಿ ಮಕ್ಕಳು ಕೇಳಿದ್ದೂ ಸೇರಿಕೊಂಡಿವೆ. ಉದಾಹರಣೆಗಳು ಜಾಸ್ತಿ ಕರ್ನಾಟಕದವೇ. ನನ್ನ ಕೈಯಲ್ಲಿ ಓಡಾಡಿದ ಪಟ್ಟಿ ಅದು.

ರಜೆ ಕೊಡುವುದು ಯಾರು? ಕೇಂದ್ರವಾ, ರಾಜ್ಯವಾ?

ಇಬ್ಬರೂ. ಕೇಂದ್ರ ಸರ್ಕಾರಿ ಕಚೇರಿಗಳಿಗೆ ಒಂದು ಪಟ್ಟಿ, ರಾಜ್ಯದ ಕಚೇರಿಗಳಿಗೆ ಇನ್ನೊಂದು, ಬ್ಯಾಂಕುಗಳದ್ದು ಮತ್ತೊಂದು ಲೆಕ್ಕ. ಕರ್ನಾಟಕದ ಪಟ್ಟಿಯನ್ನು ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ ಹೊರಡಿಸುತ್ತದೆ. ಹಾಗಾಗಿ ಗಂಡ ಕೇಂದ್ರ ಸರ್ಕಾರದಲ್ಲಿ, ಹೆಂಡತಿ ರಾಜ್ಯ ಸರ್ಕಾರದಲ್ಲಿ ಇರುವ ಮನೆಗಳಲ್ಲಿ ಒಬ್ಬರು ಹೋಳಿಗೆ ತಟ್ಟುವಾಗ ಇನ್ನೊಬ್ಬರು ಟಿಫಿನ್ ಡಬ್ಬಿ ಹಿಡಿದು ಹೊರಡುವುದೂ ಉಂಟು.

ಈ ಪಟ್ಟಿಯ ಕಾನೂನಿನ ಬೇರು ಹಬ್ಬದಲ್ಲಿಲ್ಲ, ಸಾಲದ ಕಾಗದದಲ್ಲಿದೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ಅಂತ ಇದೆಯಲ್ಲ, ಚೆಕ್ ಬೌನ್ಸ್ ಆದಾಗ ಎಲ್ಲರಿಗೂ ನೆನಪಾಗುವುದು, ಅದೇ. ಹುಂಡಿಯ, ಅಂದರೆ ಇಂಥ ದಿನ ದುಡ್ಡು ಕೊಡಬೇಕು ಅಂತ ಬರೆದ ಕಾಗದದ, ವಾಯಿದೆ ಸಾರ್ವಜನಿಕ ರಜೆಯ ದಿನ ಮುಗಿದರೆ ದುಡ್ಡು ಯಾವತ್ತು ಕೊಡಬೇಕು? ಅದರ ಹಿಂದಿನ ಕೆಲಸದ ದಿನವೇ ಕೊಡಬೇಕು ಅನ್ನುತ್ತದೆ 25ನೇ ಕಲಮು. ಹಾಗೆ ಹೇಳಬೇಕಾದರೆ ಸಾರ್ವಜನಿಕ ರಜೆ ಯಾವುದು ಅಂತ ಮೊದಲು ಗೊತ್ತಾಗಬೇಕು. ಅದಕ್ಕೇ ರಾಜ್ಯಪತ್ರದಲ್ಲಿ (ಗೆಜೆಟ್) ಪ್ರಕಟಣೆ.

ಇಡೀ ದೇಶಕ್ಕೆ ಒಂದೇ ಪಟ್ಟಿ ಮಾಡಿದರೆ ಆಗಲ್ವಾ?

ಎಲ್ಲರಿಗೂ ಒಂದೇ ಆಗಿರುವುದು ಮೂರು ದಿನ: ಜನವರಿ 26, ಆಗಸ್ಟ್ 15, ಅಕ್ಟೋಬರ್ 2. ಮೂರೂ ರಾಷ್ಟ್ರೀಯ ರಜೆಗಳು, ಮೂರಕ್ಕೂ ಪಂಚಾಂಗ ಬೇಡ.

ಅದರಾಚೆಗೆ ಕೇಂದ್ರ ಸರ್ಕಾರ ಮಾಡಿಕೊಂಡಿರುವ ಏರ್ಪಾಡು ನನಗೆ ಇಷ್ಟ. ದೆಹಲಿಯ ಹೊರಗಿರುವ ಕೇಂದ್ರ ಕಚೇರಿಗಳಿಗೆ 14 ಕಡ್ಡಾಯ ರಜೆ. ಆ ಮೂರರ ಜೊತೆ ಬುದ್ಧ ಪೂರ್ಣಿಮೆ, ಮಹಾವೀರ ಜಯಂತಿ, ಗುರುನಾನಕ್ ಜಯಂತಿ, ಗುಡ್ ಫ್ರೈಡೆ, ಕ್ರಿಸ್ಮಸ್, ರಂಜಾನ್, ಬಕ್ರೀದ್, ಮೊಹರಂ, ಈದ್ ಮಿಲಾದ್, ವಿಜಯದಶಮಿ, ದೀಪಾವಳಿ. ಉಳಿದ ಮೂರು ರಜೆಯನ್ನು 12ರ ಇನ್ನೊಂದು ಪಟ್ಟಿಯಿಂದ ಆಯಾ ರಾಜ್ಯದಲ್ಲಿ ಆರಿಸಿಕೊಳ್ಳಬೇಕು. ಹೋಳಿ, ಗಣೇಶ ಚೌತಿ, ಸಂಕ್ರಾಂತಿ, ಪೊಂಗಲ್, ಓಣಂ, ರಥಯಾತ್ರೆ, ಶಿವರಾತ್ರಿ, ರಾಮನವಮಿ ಎಲ್ಲ ಇರುವುದು ಈ ಎರಡನೇ ಪಟ್ಟಿಯಲ್ಲಿ.

"ನಮ್ಮ ಗಣೇಶ ಯಾಕೆ ಕಡ್ಡಾಯದಲ್ಲಿ ಇಲ್ಲ?" ಅಂತ ಒಬ್ಬರು ಸಿಟ್ಟಿನಿಂದಲೇ ಕೇಳಿದ್ದರು. ಗಣೇಶನಿಗೆ ಮಹಾರಾಷ್ಟ್ರ, ಕರ್ನಾಟಕದಲ್ಲಿ ಇರುವ ಗದ್ದಲ ಒಡಿಶಾದಲ್ಲಿ ರಥಯಾತ್ರೆಗೆ ಇದೆ, ಕೇರಳದಲ್ಲಿ ಓಣಂಗೆ ಇದೆ. ಒಂದೇ ಧರ್ಮ ಅಂದುಕೊಂಡರೂ ಊರು ಬದಲಾದ ಹಾಗೆ ದೊಡ್ಡ ಹಬ್ಬ ಯಾವುದು ಅನ್ನುವುದೇ ಬದಲಾಗುತ್ತದೆ. ದೆಹಲಿಯಲ್ಲಿ ಕೂತು ಅದನ್ನು ತೀರ್ಮಾನಿಸುವುದು ಬೇಡ ಅಂತ ಬಿಟ್ಟಿದ್ದಾರೆ.

ರಾಜ್ಯಗಳ ಪಟ್ಟಿಗೆ ಬಂದರೆ ಇನ್ನೂ ಸ್ವಾರಸ್ಯ. ಗೋವಾದಲ್ಲಿ ಡಿಸೆಂಬರ್ 3ಕ್ಕೆ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬದ ರಜೆ. ಮಿಜೋರಾಂನಲ್ಲಿ ಜನವರಿ 11 ಮಿಷನರಿ ದಿನ. ತಮಿಳುನಾಡಿನಲ್ಲಿ ಪೊಂಗಲ್ ಮಾರನೆ ದಿನ ತಿರುವಳ್ಳುವರ್ ದಿನ. ಬಿಹಾರದಲ್ಲಿ ಸೂರ್ಯನನ್ನು ಪೂಜಿಸುವ ಛಠ್.

ಹೊಸ ವರ್ಷಕ್ಕಾದರೂ ದೇಶಕ್ಕೆಲ್ಲ ಒಂದು ರಜೆ ಇರಬಾರದಾ?

ಯಾವ ಹೊಸ ವರ್ಷಕ್ಕೆ ಅಂತ ಮೊದಲು ಹೇಳಿ! ನಮ್ಮ ಯುಗಾದಿ ಚಂದ್ರನ ಲೆಕ್ಕ, ಚೈತ್ರ ಶುದ್ಧ ಪಾಡ್ಯ. ತಮಿಳರದ್ದು, ಬಂಗಾಳಿಗಳದ್ದು, ಪಂಜಾಬಿನ ಬೈಸಾಖಿ ಸೂರ್ಯನ ಲೆಕ್ಕ, ಏಪ್ರಿಲ್ ನಡುವೆ ಬರುತ್ತವೆ. ಗುಜರಾತಿಗಳಿಗೆ ದೀಪಾವಳಿ ಆದ ಮೇಲೆ ಹೊಸ ವರ್ಷ.

ಕರ್ನಾಟಕದ ಒಳಗೇ ಎರಡಿವೆ. ಮೈಸೂರು, ಧಾರವಾಡದವರು ಯುಗಾದಿಗೆ ಬೇವು ಬೆಲ್ಲ ತಿಂದು ಕೆಲವು ದಿನ ಕಳೆದ ಮೇಲೆ ತುಳುನಾಡಿನವರು ಬಿಸು ಪರ್ಬಕ್ಕೆ ಕಣಿ ಇಡುತ್ತಾರೆ. ಬಿಸುವಿಗೆ ರಾಜ್ಯದ ಪಟ್ಟಿಯಲ್ಲಿ ಸಾರ್ವತ್ರಿಕ ರಜೆ ಇಲ್ಲ. ಆದರೆ ಅದು ಹೆಚ್ಚಾಗಿ ಬೀಳುವುದು ಏಪ್ರಿಲ್ 14ಕ್ಕೆ, ಅವತ್ತು ಅಂಬೇಡ್ಕರ್ ಜಯಂತಿ. ಮಂಗಳೂರಿನ ಸಹೋದ್ಯೋಗಿಯೊಬ್ಬರು ಪ್ರತಿ ವರ್ಷ ನಗುತ್ತಾ ಅನ್ನುತ್ತಿದ್ದರು, "ನಮ್ಮ ಬಿಸುವಿಗೆ ರಜೆ ಕೊಟ್ಟಿದ್ದು ಬಾಬಾಸಾಹೇಬರು ಮಾರಾಯ್ರೆ."

ಎಲ್ಲ ಪಂಚಾಂಗವನ್ನೂ ಒಂದಕ್ಕೆ ತರುವ ಪ್ರಯತ್ನ ಆಗದೆ ಇಲ್ಲ. ಸ್ವಾತಂತ್ರ್ಯ ಬಂದ ಮೇಲೆ ವಿಜ್ಞಾನಿ ಮೇಘನಾದ ಸಹಾ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ಆಯಿತು. ಸುಮಾರು 30 ಪಂಚಾಂಗಗಳು ಬಳಕೆಯಲ್ಲಿರುವುದು ಲೆಕ್ಕಕ್ಕೆ ಬಂತು. 1957ರ ಮಾರ್ಚ್ 22ರಿಂದ ಶಕ ಪಂಚಾಂಗ ರಾಷ್ಟ್ರೀಯ ಪಂಚಾಂಗ ಆಯಿತು. ಸರ್ಕಾರಿ ರಾಜ್ಯಪತ್ರದಲ್ಲಿ ಆ ದಿನಾಂಕ ಇರುತ್ತದೆ. ಅಡುಗೆ ಮನೆ ಗೋಡೆಯಲ್ಲಿ ಮಾತ್ರ ಹಳೆಯ ಪಂಚಾಂಗವೇ.

ರಂಜಾನ್ ರಜೆ ಕೊನೆ ಗಳಿಗೆಯಲ್ಲಿ ಬದಲಾಗುವುದೇಕೆ? ಮೊದಲೇ ಸರಿಯಾಗಿ ಹಾಕಬಾರದಾ?

ತಿಂಗಳು ಶುರುವಾಗುವುದು ಚಂದ್ರ ಕಂಡ ಮೇಲೆ. ಪಟ್ಟಿ ಅಚ್ಚಾಗುವುದು ಎಷ್ಟೋ ತಿಂಗಳ ಮೊದಲು. ಹಾಗಾಗಿ ಪಟ್ಟಿಯಲ್ಲಿ ಇರುವುದು ಅಂದಾಜು.

ಇದು ನನಗೆ ಪಾಠ ಕಲಿಸಿದ ವಿಷಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಚಂದ್ರ ಒಂದು ದಿನ ತಡವಾಗಿ ಕಂಡಿತು. ಪಟ್ಟಿಯ ದಿನ ಎಲ್ಲರೂ ರಜೆ ಅನುಭವಿಸಿದೆವು. ಮಾರನೆ ದಿನ, ಅಂದರೆ ನಿಜವಾದ ಹಬ್ಬದ ದಿನ, ನಮ್ಮ ಡ್ರೈವರ್ ಬರಲಿಲ್ಲ. ನಾನು ಮಹಾ ನಿಯಮ ಬಲ್ಲವನ ಹಾಗೆ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕೆಂಪು ಗೆರೆ ಎಳೆದೆ. ಶಿರಸ್ತೇದಾರರು ಕರೆದು, ಪಟ್ಟಿಯ ಕೆಳಗಿನ ಸೂಚನೆ ಓದು ಅಂದರು. ಅಲ್ಲಿ ಸ್ಪಷ್ಟವಾಗಿ ಇತ್ತು. ನಿಗದಿಯಾದ ದಿನಾಂಕದಂದು ಮುಸ್ಲಿಮರ ಹಬ್ಬ ಬೀಳದಿದ್ದರೆ, ಸರ್ಕಾರಿ ಸೇವೆಯಲ್ಲಿರುವ ಮುಸ್ಲಿಮರಿಗೆ ಆ ರಜೆಯ ಬದಲು ಹಬ್ಬದ ದಿನವೇ ರಜೆ ಮಂಜೂರು ಮಾಡಬಹುದು ಅಂತ. ಕೆಂಪು ಗೆರೆ ಅಳಿಸಲು ಆಗದೆ ಪಕ್ಕದಲ್ಲಿ ಸಹಿ ಹಾಕಿ ತಿದ್ದಿದೆ. ಡ್ರೈವರ್ ಸಾಹೇಬರು ಏನೂ ಅನ್ನಲಿಲ್ಲ, ಡಬ್ಬಿಯಲ್ಲಿ ಶೀರ್ ಕುರ್ಮಾ ತಂದಿದ್ದರು.

ಅವತ್ತಿಂದ ಯಾವುದೇ ರಜೆ ಪಟ್ಟಿ ಸಿಕ್ಕರೂ ನಾನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಈ ದೇಶದಲ್ಲಿ ಎಷ್ಟು ಬಗೆಯ ಜನ ಇದ್ದಾರೆ ಅನ್ನುವುದು ದಪ್ಪ ಅಕ್ಷರದ ಸಾಲುಗಳಿಗಿಂತ ಸಣ್ಣಕ್ಷರದ ಸೂಚನೆಗಳಲ್ಲಿ ಜಾಸ್ತಿ ಕಾಣುತ್ತದೆ.

ರಂಜಾನ್ ಪ್ರತಿ ವರ್ಷ ಹಿಂದೆ ಹಿಂದೆ ಬರುತ್ತದೆ, ಯುಗಾದಿ ಮಾತ್ರ ಬೇಸಿಗೆಯಲ್ಲೇ ಇರುತ್ತದೆ. ಎರಡೂ ಚಂದ್ರನ ಲೆಕ್ಕವೇ ಅಲ್ವಾ?

ಹೌದು, ಚಂದ್ರ ಒಬ್ಬನೇ. ಚಂದ್ರನ 12 ತಿಂಗಳಿಗೆ ಸುಮಾರು 354 ದಿನ, ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ಹಿಜರಿ ಪಂಚಾಂಗ ಅದನ್ನು ಹಾಗೇ ಬಿಡುತ್ತದೆ. ಅದಕ್ಕೇ ರಂಜಾನ್ ಮಳೆ, ಚಳಿ, ಬಿಸಿಲು ಎಲ್ಲ ಸುತ್ತಿ ಬರುತ್ತದೆ. ನಮ್ಮ ಪಂಚಾಂಗ ಹೆಚ್ಚು ಕಡಿಮೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಸರಿ ಮಾಡಿಕೊಳ್ಳುತ್ತದೆ.

ಈ ಎರಡು ಲೆಕ್ಕ ಆಗೊಮ್ಮೆ ಈಗೊಮ್ಮೆ ಒಂದೇ ಅಮಾವಾಸ್ಯೆಯ ಹತ್ತಿರ ಬಂದು ಸೇರುತ್ತವೆ. 2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, 31ಕ್ಕೆ ರಂಜಾನ್. ಯುಗಾದಿ ಮಾರನೆ ದಿನ ಹಳೇ ಮೈಸೂರು ಕಡೆ ಹೊಸತೊಡಕು. ವರ್ಷತೊಡಕು ಅಂತಲೂ ಅನ್ನುತ್ತಾರೆ. ಅವತ್ತು ಮಾಂಸದಡುಗೆ ಆಗಲೇಬೇಕು. ಅಂದರೆ ಹೊಸತೊಡಕು, ರಂಜಾನ್ ಎರಡೂ ಒಂದೇ ಬೆಳಗ್ಗೆ! ನಮ್ಮ ಬೀದಿಯ ಮಟನ್ ಅಂಗಡಿ ಮುಂದೆ ನಸುಕಿಗೇ ಸಾಲು. ಬಿಳಿ ಟೋಪಿ ಹಾಕಿಕೊಂಡವರು, ಹಣೆಗೆ ಕುಂಕುಮ ಇಟ್ಟವರು, ಎಲ್ಲರ ಕೈಯಲ್ಲೂ ಸ್ಟೀಲ್ ಪಾತ್ರೆ. "ಬಿರಿಯಾನಿಗಾ, ಸಾರಿಗಾ?" ಅಂತ ಕೇಳಿ ಕೇಳಿ ಅಂಗಡಿಯವನು ಕೊಚ್ಚುತ್ತಿದ್ದ.

ಗುಡ್ ಫ್ರೈಡೆಯೂ ಚಂದ್ರನನ್ನು ನೋಡಿಯೇ ಬರುತ್ತದೆ, ಗೊತ್ತಾ? ಮಾರ್ಚ್ 21ರಂದು ಅಥವಾ ಅದಾದ ಮೇಲೆ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರ ಈಸ್ಟರ್. ಅದರ ಹಿಂದಿನ ಶುಕ್ರವಾರ ಇದು. ಇದಕ್ಕೂ ಚರ್ಚ್‌ನವರದ್ದೇ ಒಂದು ಪಂಚಾಂಗದ ಲೆಕ್ಕ ಇದೆ.

ದೀಪಾವಳಿಗೆ ಮೊದಲ ದಿನ ರಜೆ, ಮೂರನೇ ದಿನ ರಜೆ. ನಡುವಿನ ದಿನ ಕೆಲಸ! ಯಾಕೆ ಹೀಗೆ?

ನನಗೆ ಅತಿ ಜಾಸ್ತಿ ಬಂದ ಪ್ರಶ್ನೆ ಇದೇ. ಕರ್ನಾಟಕದ ಪಟ್ಟಿಯಲ್ಲಿ ನರಕ ಚತುರ್ದಶಿ ಇದೆ, ಬಲಿಪಾಡ್ಯಮಿ ಇದೆ. ನಡುವಿನ ಅಮಾವಾಸ್ಯೆ, ಲಕ್ಷ್ಮೀಪೂಜೆಯ ದಿನ, ಇರುವುದಿಲ್ಲ. 2025ರಲ್ಲಿ ಅಕ್ಟೋಬರ್ 20 ಮತ್ತು 22 ರಜೆ, 21ಕ್ಕೆ ಕಚೇರಿ. ಆ ದಿನ ಕಚೇರಿಯಲ್ಲಿ ಯಾರಿರುತ್ತಾರೆ ಅಂತ ಕೇಳಬೇಡಿ. ಸಿ.ಎಲ್. (ಸಾಂದರ್ಭಿಕ ರಜೆ) ಅರ್ಜಿಗಳು ವಾರದ ಮೊದಲೇ ಬಂದಿರುತ್ತವೆ.

ಉತ್ತರ ಭಾರತದವರಿಗೆ ದೀಪಾವಳಿ ಅಂದರೆ ಆ ಅಮಾವಾಸ್ಯೆಯ ರಾತ್ರಿಯೇ. ರಾಮ ಅಯೋಧ್ಯೆಗೆ ಮರಳಿದ ಕಥೆ, ಲಕ್ಷ್ಮೀಪೂಜೆ. ನಮ್ಮ ಕಡೆ ಕಥೆ ಬೇರೆ. ನರಕ ಚತುರ್ದಶಿ ಬೆಳಗಿನ ಜಾವ ಎಣ್ಣೆ ಸ್ನಾನ. ಹಿಂದಿನ ಸಂಜೆಯೇ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಹಾಗಲಬಳ್ಳಿ ಸುತ್ತಿ ನೀರು ತುಂಬುವುದು. ಮೂರನೇ ದಿನ ಬಲಿ ಚಕ್ರವರ್ತಿ ಪಾತಾಳದಿಂದ ನಾಡು ನೋಡಲು ಬರುವ ದಿನ. ತುಳುನಾಡಿನಲ್ಲಿ ಗದ್ದೆಯಲ್ಲಿ ದೀಪ ಇಟ್ಟು ಬಲಿಯೇಂದ್ರನನ್ನು ಕೂಗಿ ಕರೆಯುತ್ತಾರೆ. ಮಲೆನಾಡಿನಲ್ಲಿ ಗೋವಿಗೆ ಅಡಿಕೆ, ಚೆಂಡುಹೂವಿನ ಸರ. ಕೇರಳದವರು ಇದೇ ರಾಜನನ್ನು ಓಣಂನಲ್ಲಿ ಬರಮಾಡಿಕೊಳ್ಳುತ್ತಾರೆ. ಒಬ್ಬನೇ ಬಲಿ, ಎರಡು ರಾಜ್ಯಕ್ಕೆ ಎರಡು ಬೇರೆ ತಿಂಗಳಲ್ಲಿ ಬಂದು ಹೋಗುತ್ತಾನೆ, ಎರಡೂ ಕಡೆ ರಜೆ ಕೊಡಿಸುತ್ತಾನೆ.

ಹಾಗಾಗಿ ನಡುವಿನ ದಿನ ಬಿಟ್ಟುಹೋಗಿದ್ದು ಮರೆವಿನಿಂದಲ್ಲ. ನಮ್ಮ ದೀಪಾವಳಿಯ ಎರಡು ಕಂಬ ಆ ಎರಡು ದಿನಗಳು. ಅಂಗಡಿಯವರು ಇದನ್ನು ಒಪ್ಪುವುದಿಲ್ಲ, ಅವರಿಗೆ ಲಕ್ಷ್ಮೀಪೂಜೆಯೇ ಮುಖ್ಯ. ಅವರ ಮಾತೂ ಸರಿಯೇ.

ಪಟ್ಟಿಯ ಕೊನೆಯಲ್ಲಿ "ಕೊಡಗು ಜಿಲ್ಲೆಗೆ ಮಾತ್ರ" ಅಂತ ಮೂರು ರಜೆ ಇರುತ್ತವಲ್ಲ, ಏನವು?

ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ. ಮೊದಲನೆಯದು ಸೆಪ್ಟೆಂಬರ್ ಶುರುವಿನಲ್ಲಿ. ನಾಟಿ ಮುಗಿದ ಮೇಲೆ ಕೋವಿ, ಕತ್ತಿಗಳಿಗೆ ಪೂಜೆ, ಮಧ್ಯಾಹ್ನ ಕಡುಂಬುಟ್ಟು (ಅಕ್ಕಿ ಕಡುಬು), ಪಂದಿ ಕರಿ (ಹಂದಿ ಸಾರು). ಎರಡನೆಯದು ಅಕ್ಟೋಬರ್ 17ರ ಆಸುಪಾಸು, ತಲಕಾವೇರಿಯಲ್ಲಿ ತೀರ್ಥೋದ್ಭವ.

ಮೂರನೆಯದು ಹೊಸ ಅಕ್ಕಿಯ ಹಬ್ಬ. ಮುಹೂರ್ತ ಬರುವುದು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಿಂದ. ಒಬ್ಬ ಸಹೋದ್ಯೋಗಿಯ ಮನೆಗೆ ನಾನು ಒಮ್ಮೆ ಹೋಗಿದ್ದೆ. ರಾತ್ರಿ, ಬೆಳದಿಂಗಳು, ಗದ್ದೆಯಲ್ಲಿ ಮಂಜು. ಮನೆಯವರೆಲ್ಲ ಒಟ್ಟಿಗೆ ಗದ್ದೆಗೆ ಇಳಿದರು. ಗಾಳಿಯಲ್ಲಿ ಒಂದು ಗುಂಡು ಹಾರಿತು. "ಪೊಲಿ ಪೊಲಿ ದೇವಾ" ಅನ್ನುತ್ತಾ ಕದಿರು ಕೊಯ್ದರು. ಪೊಲಿ ಅಂದರೆ ಹೆಚ್ಚಲಿ, ತುಂಬಲಿ ಅಂತ. ಕಾಲಿಗೆ ಅಂಟಿದ ಕೆಸರಿನಲ್ಲೇ ಮನೆಗೆ ಬಂದು, ಎಲೆಗಳ ಜೊತೆ ಕದಿರನ್ನು ಕಂಬಕ್ಕೆ ಕಟ್ಟಿದರು. ಆಮೇಲೆ ಬಾಳೆಹಣ್ಣು ಕಲಸಿದ ತಂಬುಟ್ಟು.

ಒಂದು ತೊಡಕಿದೆ. ಈ ರಜೆ ಜಿಲ್ಲೆಗೆ ಸೇರಿದ್ದು, ಮನುಷ್ಯನಿಗೆ ಸೇರಿದ್ದಲ್ಲ. ನನ್ನ ಆ ಸಹೋದ್ಯೋಗಿ ಬೆಂಗಳೂರಿಗೆ ವರ್ಗವಾದ ಮೇಲೆ ಹುತ್ತರಿಗೆ ಸಿ.ಎಲ್. ಹಾಕಿ ಹೋಗುತ್ತಿದ್ದರು. ಮಡಿಕೇರಿಯಲ್ಲಿದ್ದ ಬಿಜಾಪುರದ ಹುಡುಗ ಅದೇ ದಿನ ರೂಮಿನಲ್ಲಿ ಮಲಗಿ ರಜೆ ಕಳೆಯುತ್ತಿದ್ದ.

ಪರಿಮಿತ ರಜೆ ಅಂದರೆ ಏನು? ಅರ್ಧ ಜನ ತೆಗೆದುಕೊಳ್ಳುವುದೇ ಇಲ್ಲ, ಯಾಕಿದೆ ಅದು?

ಕೊಡಗಿನ ರಜೆ ಜಾಗಕ್ಕೆ ಸೇರಿದ್ದು ಅಂದೆನಲ್ಲ, ಇದು ಮನುಷ್ಯನಿಗೆ ಸೇರಿದ್ದು. ಆರ್.ಎಚ್. ಅಂತಲೇ ಎಲ್ಲರೂ ಕರೆಯುತ್ತಾರೆ. ಉದ್ದನೆಯ ಪಟ್ಟಿ ಇರುತ್ತದೆ, ವರ್ಷಕ್ಕೆ ಎರಡು ದಿನ ನೀವೇ ಆರಿಸಿಕೊಳ್ಳಬಹುದು. ಕಚೇರಿ ತೆರೆದಿರುತ್ತದೆ, ನೀವು ಇರುವುದಿಲ್ಲ.

ನನ್ನ ಕೇಳಿದರೆ ನಾಡಿನ ನಿಜವಾದ ಜನಗಣತಿ ಈ ಪಟ್ಟಿಯೇ. ಮಧ್ವನವಮಿ, ಶಂಕರ ಜಯಂತಿ, ದೇವರ ದಾಸಿಮಯ್ಯ ಜಯಂತಿ, ಶಬ್-ಎ-ಬರಾತ್, ಹೋಳಿ, ಹೋಲಿ ಸ್ಯಾಟರ್ಡೆ, ಬುದ್ಧ ಪೂರ್ಣಿಮೆ, ವರಮಹಾಲಕ್ಷ್ಮಿ ವ್ರತ, ವಿಶ್ವಕರ್ಮ ಜಯಂತಿ, ಗುರುನಾನಕ್ ಜಯಂತಿ. ಋಗ್ವೇದಿಗಳ ಉಪಾಕರ್ಮ ಬೇರೆ, ಯಜುರ್ವೇದಿಗಳ ಉಪಾಕರ್ಮ ಬೇರೆ ಅಂತ ಜನಿವಾರ ಬದಲಿಸುವ ದಿನದಲ್ಲೂ ವ್ಯತ್ಯಾಸ ಗುರುತಿಸಿದ್ದಾರೆ. ಗುರುನಾನಕ್ ಜಯಂತಿ ಬೆಂಗಳೂರಿನಲ್ಲಿ ಅಷ್ಟೇನೂ ಗೊತ್ತಾಗಲ್ಲ. ಬೀದರಿನಲ್ಲಿ ಕೇಳಿ ನೋಡಿ. ಅಲ್ಲಿ ನಾನಕ್ ಝೀರಾ ಗುರುದ್ವಾರ ಇದೆ. ಗುರು ಗೋವಿಂದ ಸಿಂಗರ ಐದು ಪ್ಯಾರೆಗಳಲ್ಲಿ, ಅಂದರೆ ಅವರು ಮೊದಲು ಖಾಲ್ಸಾ ದೀಕ್ಷೆ ಕೊಟ್ಟ ಐವರಲ್ಲಿ, ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು.

ಸೆಪ್ಟೆಂಬರ್ 8ಕ್ಕೆ "ಕನ್ಯಾ ಮರಿಯಮ್ಮ ಜಯಂತಿ" ಅಂತ ಇರುತ್ತದೆ. ಮೊದಲ ಸಲ ಒಬ್ಬರು ಆ ಆರ್.ಎಚ್. ಕೇಳಿದಾಗ ನನಗೆ ಏನೂ ಗೊತ್ತಿರಲಿಲ್ಲ. ಕರಾವಳಿಯ ಕ್ಯಾಥೊಲಿಕ್ ಹೆಣ್ಣುಮಗಳು. "ಸರ್, ನಮ್ಮ ಮೊಂತಿ ಫೆಸ್ಟ್" ಅಂದರು. ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂ ಹಾಕುತ್ತಾರಂತೆ. ಕೊನೆ ದಿನ ಚರ್ಚಿನಲ್ಲಿ ಭತ್ತದ ತೆನೆಗೆ ಆಶೀರ್ವಾದ. ಮನೆಗೆ ತಂದು ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಹಂಚಿಕೊಂಡು ತಿನ್ನುವುದು. ಅವತ್ತು ಮೀನಿಲ್ಲ, ಮಾಂಸವಿಲ್ಲ, ಬಾಳೆಲೆ ಊಟ. ಕೇಳುತ್ತಾ ಕೇಳುತ್ತಾ ನನಗೆ ಹುತ್ತರಿಯ ರಾತ್ರಿ ನೆನಪಾಯಿತು. ಅದೇ ಹೊಸ ಅಕ್ಕಿ ತಾನೆ? ಒಂದು ಜಿಲ್ಲಾ ರಜೆಯಲ್ಲಿದೆ, ಇನ್ನೊಂದು ಪರಿಮಿತ ರಜೆಯಲ್ಲಿದೆ. ಗದ್ದೆ ಎರಡೂ ಕಡೆ ಒಂದೇ ಥರ.

ಮೊಹರಂ ಮುಸ್ಲಿಮರ ಹಬ್ಬ ಅಲ್ವಾ? ನಮ್ಮ ಊರಿನಲ್ಲಿ ಎಲ್ಲರೂ ಮಾಡುತ್ತಾರಲ್ಲ?

ನೀವು ಉತ್ತರ ಕರ್ನಾಟಕದವರು ಅಂತ ಪ್ರಶ್ನೆಯಲ್ಲೇ ಗೊತ್ತಾಯಿತು. ಪಟ್ಟಿಯಲ್ಲಿ "ಮೊಹರಂ ಕಡೇ ದಿನ" ಅಂತ ಇರುತ್ತದೆ. ಕರ್ಬಲಾದಲ್ಲಿ ಇಮಾಮ್ ಹುಸೇನರು ಹುತಾತ್ಮರಾದ ದಿನ. ರಾಯಚೂರು, ಕೊಪ್ಪಳ, ಗದಗ, ಬೆಳಗಾವಿ ಕಡೆ ಅದು ಅಲಾಯಿ ಹಬ್ಬ. ಊರ ನಡುವೆ ಅಲಾಯಿ ಕುಣಿ ತೋಡಿ ಬೆಂಕಿ ಹಾಕುತ್ತಾರೆ. ಪೀರಲ ದೇವರು ಅಂತ ಪಂಜಾಗಳನ್ನು (ಹಸ್ತದ ಆಕಾರದ ಲೋಹದ ಲಾಂಛನ) ಕೂರಿಸುತ್ತಾರೆ. ಜನ ಸಕ್ಕರೆ ಓದಿಸಿಕೊಂಡು ಬರುತ್ತಾರೆ, ಹರಕೆ ಹೊತ್ತವರು ಹುಲಿವೇಷ ಹಾಕುತ್ತಾರೆ. ಒಂದೂ ಮುಸ್ಲಿಂ ಮನೆ ಇಲ್ಲದ ಹಳ್ಳಿಗಳಲ್ಲೂ ಇದು ನಡೆಯುತ್ತದೆ. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ನೋಡಲು ದೂರದಿಂದ ಜನ ಬರುತ್ತಾರೆ.

ಈ ಒಂದು ರಜೆಯನ್ನು ಯಾವ ಧರ್ಮದ ಖಾತೆಗೆ ಹಾಕುತ್ತೀರಿ? ಪಟ್ಟಿ ನೋಡಿ "ಅವರಿಗೆ ಇಷ್ಟು, ಇವರಿಗೆ ಇಷ್ಟು" ಅಂತ ಬೆರಳು ಮಡಚುವವರಿಗೆ ನಾನು ಯಾವಾಗಲೂ ಇದನ್ನೇ ಕೇಳುತ್ತೇನೆ.

ಎಲ್ಲ ರಜೆಗೂ "ಹಾರ್ದಿಕ ಶುಭಾಶಯಗಳು" ಕಳಿಸಬಹುದಾ?

ದಯವಿಟ್ಟು ಬೇಡ. ಗುಡ್ ಫ್ರೈಡೆ ಯೇಸುವನ್ನು ಶಿಲುಬೆಗೆ ಏರಿಸಿದ ದಿನ, ಉಪವಾಸ, ಮೌನ. ಮೊಹರಂ ಕಡೇ ದಿನ ಶೋಕದ ದಿನ. ಮಹಾಲಯ ಅಮಾವಾಸ್ಯೆ ಹಿರಿಯರಿಗೆ ಎಡೆ ಇಡುವ ದಿನ. ಸತ್ತವರ ನೆನಪಿಗೆ ಅಂತ ರಾಜ್ಯವೇ ರಜೆ ಕೊಡುವುದು ನನಗೆ ಬಹಳ ಇಷ್ಟವಾದ ವಿಷಯ. ಅವತ್ತು ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ಇಷ್ಟವಾಗಿದ್ದ ತಿಂಡಿ, ಪಂಚೆ, ಸೀರೆ, ಬೀಡಿ ಕಟ್ಟು ಸಹ ಎಲೆ ಮುಂದೆ ಇಡುತ್ತಾರೆ. ನಮ್ಮ ಮನೆಯಲ್ಲಿ ತಾತನಿಗೆ ಅಂತ ನಶ್ಯದ ಡಬ್ಬಿ. ಅದಕ್ಕೆ "ಹ್ಯಾಪಿ ಮಹಾಲಯ" ಅಂತ ವಾಟ್ಸಾಪ್ ಬಂದರೆ ಏನು ಉತ್ತರ ಕೊಡೋದು?

ಜಯಂತಿ ರಜೆಗಳು ಜಾಸ್ತಿ ಆಗಲಿಲ್ವಾ? ಇದು ಬರೀ ರಾಜಕೀಯ ಅಲ್ವಾ?

ರಾಜಕೀಯ ಇದೆ, ಇಲ್ಲ ಅನ್ನಲ್ಲ. ಬಸವಣ್ಣ, ಅಂಬೇಡ್ಕರ್, ವಾಲ್ಮೀಕಿ, ಕನಕದಾಸ, ಮಹಾವೀರ, ಗಾಂಧಿ, ಎಲ್ಲರ ಜಯಂತಿಗೂ ಕರ್ನಾಟಕದಲ್ಲಿ ಸಾರ್ವತ್ರಿಕ ರಜೆ. ಉತ್ತರ ಪ್ರದೇಶದಲ್ಲಿ 2017ರಲ್ಲಿ ಒಂದೇ ಏಟಿಗೆ ಇಂಥ 15 ರಜೆ ರದ್ದಾದವು. ಸರ್ಕಾರ ಬದಲಾದರೆ ಪಟ್ಟಿ ಬದಲಾಗುವುದು ಹೊಸದಲ್ಲ.

ಆದರೆ "ಬರೀ" ಅನ್ನುವ ಮಾತು ನಾನು ಒಪ್ಪುವುದಿಲ್ಲ. ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಲು ಶುರುಮಾಡಿದ್ದು ಹರ್ಡೇಕರ್ ಮಂಜಪ್ಪನವರು, 1913ರಲ್ಲಿ, ದಾವಣಗೆರೆಯಲ್ಲಿ. ಆಗ ಸರ್ಕಾರವೂ ಕೇಳಿರಲಿಲ್ಲ, ವೋಟೂ ಇರಲಿಲ್ಲ. ಹಬ್ಬದ ಪಟ್ಟಿಯಲ್ಲಿ ಎಂದೂ ತಮ್ಮ ಹೆಸರು ಕಾಣದ ಜನಕ್ಕೆ ಅಂಬೇಡ್ಕರ್ ಜಯಂತಿ, ವಾಲ್ಮೀಕಿ ಜಯಂತಿ ಏನು ಅನ್ನುವುದನ್ನು ತಿಳಿಯಬೇಕಾದರೆ ಏಪ್ರಿಲ್ 14ರ ಬೆಳಗ್ಗೆ ಯಾವುದಾದರೂ ಊರಿನ ಅಂಬೇಡ್ಕರ್ ಪ್ರತಿಮೆ ಹತ್ತಿರ ನಿಲ್ಲಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ನೀಲಿ ಶಾಲು, ಮಗುವನ್ನು ಹೆಗಲ ಮೇಲೆ ಎತ್ತಿ ಹಾರ ಹಾಕಿಸುವ ಅಪ್ಪಂದಿರು. "ಜಯಂತಿ ಅಂದರೆ ಕೆಲಸ ಮಾಡಿ ಆಚರಿಸಬೇಕು" ಅಂತ ಹೇಳುವವರು ಗಣೇಶನ ಹಬ್ಬಕ್ಕೆ ಹಾಗೆ ಹೇಳಿದ್ದು ನಾನು ಕೇಳಿಲ್ಲ.

ಇನ್ನೊಂದು ತಮಾಷೆ. ವಾಲ್ಮೀಕಿ ಜಯಂತಿ ಬರುವುದು ಸೀಗಿ ಹುಣ್ಣಿಮೆಗೆ. ಉತ್ತರ ಕರ್ನಾಟಕದ ರೈತರು ಹೊಲಕ್ಕೆ ಹೋಗಿ ಚರಗ ಚೆಲ್ಲುವ ದಿನ. ಹಾಗೆ ಒಂದು ರಜೆಯ ಹೊಟ್ಟೆಯಲ್ಲಿ ಇನ್ನೊಂದು ಹಬ್ಬ. ಬಸವ ಜಯಂತಿಗೆ ಅಕ್ಷಯ ತೃತೀಯ ಇದ್ದ ಹಾಗೆ.

ನಮ್ಮ ದೊಡ್ಡ ಹಬ್ಬ ಪಟ್ಟಿಯಲ್ಲೇ ಇಲ್ಲ. ಏನು ಮಾಡೋದು?

ನೀವೊಬ್ಬರೇ ಅಲ್ಲ. ನಾಗರ ಪಂಚಮಿ ನೋಡಿ. ಧಾರವಾಡ ಕಡೆ ಹೆಣ್ಣುಮಕ್ಕಳು ತವರಿಗೆ ಬಂದು, ಜೋಕಾಲಿ ಕಟ್ಟಿ, ಥರಥರದ ಉಂಡಿ ಮಾಡುವ ಹಬ್ಬ. ಸಾರ್ವತ್ರಿಕ ರಜೆ ಅಲ್ಲ. ಎಳ್ಳು ಅಮಾವಾಸ್ಯೆಗೆ ಕಲಬುರಗಿ, ಬೀದರಿನಲ್ಲಿ ಊರಿಗೆ ಊರೇ ಭಜ್ಜಿ ಪಲ್ಯ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಅದೂ ಸಾರ್ವತ್ರಿಕ ಪಟ್ಟಿಯಲ್ಲಿಲ್ಲ. ಬೈಲಕುಪ್ಪೆಯ ಟಿಬೆಟನ್ನರ ಹೊಸ ವರ್ಷ ಲೋಸಾರ್ ಇಲ್ಲ. ಸಿದ್ದಿಗಳ ಹಬ್ಬ, ಸೋಲಿಗರ ಹಬ್ಬ ಯಾವುದೂ ಇಲ್ಲ.

ಜಾತ್ರೆಗೋ ವಿಶೇಷ ದಿನಕ್ಕೋ ಜಿಲ್ಲಾಧಿಕಾರಿಗಳು ಸ್ಥಳೀಯ ರಜೆ ಕೊಡುವುದುಂಟು, ಮನವಿ ಕೊಡಿ. ಉಳಿದವರಿಗೆ ಸಿ.ಎಲ್. ಇದೆ. ಅದೂ 2019ರಲ್ಲಿ ನಾಲ್ಕನೇ ಶನಿವಾರ ರಜೆ ಕೊಟ್ಟಾಗ 15ರಿಂದ 10ಕ್ಕೆ ಇಳಿಯಿತು.

ಖಾಸಗಿ ಕಂಪನಿಯವರಿಗೆ ಇದೆಲ್ಲ ಸಿಗುತ್ತಾ?

ಕರ್ನಾಟಕದಲ್ಲಿ 1963ರ ಒಂದು ಕಾಯ್ದೆ ಇದೆ. ಅದರ ಪ್ರಕಾರ ಕೈಗಾರಿಕಾ ಸಂಸ್ಥೆಗಳು ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1ಕ್ಕೆ ರಜೆ ಕೊಡಲೇಬೇಕು, ಜೊತೆಗೆ ಹಬ್ಬದ ರಜೆಗಳು. ಕನ್ನಡ ರಾಜ್ಯೋತ್ಸವ ಕಾರ್ಖಾನೆಗೂ ಕಡ್ಡಾಯ ಅನ್ನುವುದನ್ನು ಗಮನಿಸಿ. ಅದೇ 1956ರ ನವೆಂಬರ್ 1ರಂದು ಕೇರಳವೂ ಹುಟ್ಟಿತು. ಅಲ್ಲಿ ಆ ದಿನಕ್ಕೆ ಸಾರ್ವಜನಿಕ ರಜೆ ಇಲ್ಲ, ಆಚರಣೆ ಮಾತ್ರ.

ಭಾನುವಾರದ ರಜೆಯೂ ಸುಮ್ನೆ ಸಿಕ್ಕಿದ್ದಲ್ಲ. ಬಾಂಬೆಯ ಗಿರಣಿ ಕಾರ್ಮಿಕರಿಗೆ ಅದನ್ನು ಕೊಡಿಸಲು ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿದರು, 1890ರಲ್ಲಿ ಸಿಕ್ಕಿತು.

ಹಬ್ಬದ ದಿನ ಜಾಸ್ತಿ ಕೆಲಸ ಬೀಳುವವರೂ ಇದ್ದಾರೆ. ಬಸ್ ಕಂಡಕ್ಟರ್, ನರ್ಸ್, ಪೌರಕಾರ್ಮಿಕರು. ಆಯುಧಪೂಜೆಯ ಮಾರನೆ ಬೆಳಗ್ಗೆ ರಸ್ತೆ ತುಂಬಾ ಒಡೆದ ಬೂದುಗುಂಬಳ, ಬಾಳೆಕಂದು. ಗುಡಿಸುವವರಿಗೆ ವಿಜಯದಶಮಿ ರಜೆ ಎಲ್ಲಿಯದು?

ಹೊರದೇಶದಲ್ಲಿ ನಮ್ಮ ಹಬ್ಬಕ್ಕೆ ರಜೆ ಇದೆಯಾ?

ಯುಗಾದಿಗೆ ಇಡೀ ದೇಶಕ್ಕೆ ರಜೆ ಕೊಡುವ ದೇಶ ಭಾರತ ಅಲ್ಲ, ಮಾರಿಷಸ್! ಕಬ್ಬಿನ ಗದ್ದೆಗೆ ಕೂಲಿಗಳಾಗಿ ಹೋದ ತೆಲುಗರ ಮಕ್ಕಳು, ಮೊಮ್ಮಕ್ಕಳು ಉಳಿಸಿಕೊಂಡ ಹಬ್ಬ. ಅಲ್ಲಿ ಶಿವರಾತ್ರಿ, ಗಣೇಶ ಚೌತಿ, ಈದ್, ಚೀನೀಯರ ಹೊಸ ವರ್ಷ, ಕ್ರಿಸ್ಮಸ್ ಎಲ್ಲಕ್ಕೂ ರಜೆ ಇದೆ. ಫೆಬ್ರುವರಿ 1 ಗುಲಾಮಗಿರಿ ರದ್ದಾದ ದಿನ, ನವೆಂಬರ್ 2 ಕೂಲಿ ಹಡಗುಗಳು ಬಂದ ದಿನ.

ಸಿಂಗಪುರದಲ್ಲಿ ದೀಪಾವಳಿಗೆ ರಜೆ. ತಮಿಳರ ಮುರುಗನ ಹಬ್ಬ ತೈಪೂಸಂಗೂ ಇತ್ತು, 1968ರಲ್ಲಿ ರಜೆ ಕಡಿಮೆ ಮಾಡುವಾಗ ತೆಗೆದರು. ಅದೇ ತೈಪೂಸಂಗೆ ತಮಿಳುನಾಡು ರಜೆ ಕೊಟ್ಟಿದ್ದು 2021ರಲ್ಲಿ. ಅಂದರೆ ಹೊರಗೆ ಹೋದವರು ಮೊದಲು ಪಡೆದು ಕಳೆದುಕೊಂಡರು, ಮನೆಯಲ್ಲಿದ್ದವರಿಗೆ ಆಮೇಲೆ ಬಂತು.

ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳು ದೀಪಾವಳಿಗೆ ಅಂತ ಮೊದಲ ಸಲ ಮುಚ್ಚಿದ್ದು 2024ರ ನವೆಂಬರ್ 1ಕ್ಕೆ. ತಂಗಿ ಮಗ ಅವತ್ತು ಫೋನ್ ಮಾಡಿ, "ಮಾಮ, ಇಲ್ಲಿ ರಾಜ್ಯೋತ್ಸವಕ್ಕೆ ರಜೆ ಕೊಟ್ಟಿದ್ದಾರೆ" ಅಂತ ನಗಿಸಿದ.

ಮುಂದಿನ ವರ್ಷದ ಪಟ್ಟಿ ಯಾವಾಗ ಬರುತ್ತದೆ?

ಸಾಮಾನ್ಯವಾಗಿ ವರ್ಷದ ಕೊನೆಯ ಎರಡು ತಿಂಗಳಲ್ಲಿ. ಭಾನುವಾರಕ್ಕೆ ಬಿದ್ದ ಹಬ್ಬಗಳು ಪಟ್ಟಿಯಲ್ಲಿ ಇರುವುದಿಲ್ಲ, ಅವು ಕಳೆದುಹೋಗಿಲ್ಲ, ಕೆಳಗೆ ಸೂಚನೆಯಲ್ಲಿರುತ್ತವೆ. ಬೋರ್ಡಿಗೆ ಪಿನ್ ಚುಚ್ಚಿದ ಕೂಡಲೇ ನಮ್ಮ ಕಚೇರಿಯಲ್ಲಿ ಎಲ್ಲರೂ ಸೋಮವಾರ, ಶುಕ್ರವಾರ ಎಷ್ಟಿವೆ ಅಂತ ಎಣಿಸುತ್ತಿದ್ದರು. ನಮ್ಮ ಅಟೆಂಡರ್ ಒಬ್ಬರೇ ಕನ್ನಡಕ ಮೂಗಿಗೆ ಇಳಿಸಿಕೊಂಡು, ಬೆರಳಿನಿಂದ ಕೆಳಗಿನ ಸಾಲು ಹುಡುಕುತ್ತಿದ್ದರು. ಊರಿನ ಜಾತ್ರೆ ಈ ಸಲ ಯಾವುದಾದರೂ ರಜೆಗೆ ತಾಕುತ್ತದಾ ಅಂತ ನೋಡಲು.